ಯಾರ ಕಡೆಯವರು

ಸತ್ತದ್ದು ಯಾರು ಎಂದು ಕೇಳುವ ಮೊದಲೇ ಕೊಂದದ್ದು ಯಾರು ಎಂದು ತಾನು ಕೇಳಿಬಿಟ್ಟಿದ್ದು ಕುಬ್ರಾಳಿಗೆ ಹೊಳೆದಾಗ ಅವಳು ಮನೆಯ ಕಡೆ ಅರ್ಧ ದಾರಿ ನಡೆದಾಗಿತ್ತು. ರೊಟ್ಟಿ ಸುತ್ತಿಕೊಳ್ಳುವ ಬಟ್ಟೆ ಮಡಿಕೆ ಬಿಚ್ಚದೆ ಕಂಕುಳಲ್ಲೇ ಇತ್ತು. ಮೂಗಿನ ತುಂಬ ಸೀದ ವಾಸನೆ. ಯದುಲ್ಲಾನ ರೊಟ್ಟಿ ಅಂಗಡಿಯ ಬಾಗಿಲು ಅರ್ಧಕ್ಕೆ ಇಳಿದಿತ್ತು, ಒಳಗೆ ದೀಪ ಉರಿಯುತ್ತಿತ್ತು, ಒಲೆಯಲ್ಲಿದ್ದ ರೊಟ್ಟಿಯನ್ನು ಹೊರಗೆಳೆಯಬೇಕೆಂದು ಯಾರಿಗೂ ತೋಚದೆ ಅದು ಸುಟ್ಟು ಸುಟ್ಟು ಇಡೀ ಬೀದಿಗೆ ಹೊಗೆ ಹಬ್ಬಿಸಿತ್ತು. ಜನ ಗುಂಪು ಕಟ್ಟಿಕೊಂಡು ನಿಂತಿದ್ದರು. ಪೊಲೀಸನೊಬ್ಬ ಹೊಸ್ತಿಲಿನ ಮೇಲೆ ರಟ್ಟಿನ ಹಾಳೆ ಹಾಸುತ್ತಿದ್ದ. "ಕೊಲೆಯಾಗಿದೆ ಕಣ್ರೀ," ಎಂದಳು ಪಕ್ಕದಲ್ಲಿದ್ದ ಹೆಂಗಸು, ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. "ಯಾರು ಮಾಡಿದ್ದು?" ಎಂದು ಕುಬ್ರಾಳ ಬಾಯಿ ಕೇಳಿತು. ಹೆಂಗಸು ತಿರುಗಿ ನೋಡಿದಳು. ಅವಳ ಕಣ್ಣು ಕುಬ್ರಾಳ ಕೆನ್ನೆಯ ಎಲುಬಿನ ಮೇಲೆ, ಸಣ್ಣ ಕಣ್ಣುಗಳ ಮೇಲೆ ಒಂದು ಕ್ಷಣ ನಿಂತಿತು. "ಅಫ್ಘಾನಿ. ಅಂಗಡೀಲಿ ಹಿಟ್ಟು ನಾದೋನು. ಯದುಲ್ಲಾ ಹೊಟ್ಟೆಗೆ ಹಿಟ್ಟು ಕತ್ತರಿಸೋ ಚಾಕು ಹಾಕ್ಬಿಟ್ಟ." ಓಡಬಾರದು ಎಂದುಕೊಂಡಳು ಕುಬ್ರಾ. ಓಡಿದರೆ ತಪ್ಪು ಮಾಡಿದವರ ಹಾಗೆ ಕಾಣುತ್ತದೆ. ನಿಧಾನ ನಡೆದರೆ? ಅದೂ ಏನೂ ಆಗದವರ ಹಾಗೆ, ಕಲ್ಲು ಮನಸ್ಸಿನವರ ಹಾಗೆ. ಓಡುವುದಕ್ಕೂ ನಿಧಾನಕ್ಕೂ ನಡುವಿನ ನಡಿಗೆ ಯಾವುದೆಂದು ಇಪ್ಪತ್ತು ವರ್ಷ ಇರಾನಿನ ಈ ಊರ ಬೀದಿಯಲ್ಲಿ ನಡೆದ ಕಾಲುಗಳಿಗೆ ಮರೆತುಹೋಗಿತ್ತು.

ಸಮದ್. ಅವನ ಹೆಸರು ಸಮದ್. ಬೇಸಿಗೆಯ ಕೊನೆಗೆ ಬಂದು ಸೇರಿದವನು, ಅಫ್ಘಾನಿಸ್ತಾನದ ಕುಂದೂಜ್ ಕಡೆಯವನು, ಮೊಣಕೈವರೆಗೂ ಹಿಟ್ಟು, ಹುಬ್ಬಿಗೂ ಹಿಟ್ಟು. ಮೊದಲ ದಿನವೇ ಸಾಲಿನಲ್ಲಿ ಅವಳ ಮುಖ ಕಂಡು ಅರಳಿ, "ಅಕ್ಕಾ, ನಮ್ಮೂರ ಕಡೀಯಾಕಿ ಅಲ್ಲೇನ ನೀ?" ಎಂದು ಎಲ್ಲರೆದುರು ಕೂಗಿದ್ದ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತ್ತು. ಸಾಲಿನ ಹೆಂಗಸರಿಗೆ ಅವಳು ಯಾರೆಂದು ಗೊತ್ತಿಲ್ಲದೆ ಏನಲ್ಲ; ಆದರೆ ಗೊತ್ತಿರುವುದು ಬೇರೆ, ಕೂಗಿ ಹೇಳುವುದು ಬೇರೆ. ಆಮೇಲೆ ದಿನಾ ಅವನು ಅವಳಿಗಾಗಿ ಅಂಚು ಗರಿಗರಿ ಇರುವ ರೊಟ್ಟಿಯನ್ನೇ ಆರಿಸಿ ಮುಂದೆ ತಳ್ಳುವನು, ಅವಳು ಅವನ ಕಡೆ ನೋಡದೆ ತೆಗೆದುಕೊಳ್ಳುವಳು. ಯದುಲ್ಲಾ ನಕ್ಕು, "ನೋಡಮ್ಮಾ, ನಿನ್ನ ತಮ್ಮ ನನ್ನ ಅಂಗಡೀನ ನಿನಗೇ ದಾನ ಮಾಡ್ತಾನೆ," ಎಂದಿದ್ದ. ತಮ್ಮ. ಅವನು ನನ್ನ ತಮ್ಮನಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು ಎಂದು ಕುಬ್ರಾ ಈಗ ಯೋಚಿಸಿದಳು. ಯೋಚಿಸಿ, ಯದುಲ್ಲಾ ಸತ್ತಿದ್ದಾನೆ, ನಾನು ಅವನ ತಮಾಷೆಯ ಮಾತಿಗೆ ಉತ್ತರ ಹುಡುಕುತ್ತಿದ್ದೇನೆ ಎಂದು ಕಂಕುಳಿನ ಬಟ್ಟೆಯನ್ನು ಇನ್ನಷ್ಟು ಒತ್ತಿಕೊಂಡಳು.

ಮನೆಯಲ್ಲಿ ಗಂಡ ಇವಜ್ ಗಾರೆ ಕೆಲಸಕ್ಕೆ ಹೊರಟು ನಿಂತಿದ್ದವನು ಅವಳ ಮುಖ ನೋಡಿ ಚೀಲ ಕೆಳಗಿಟ್ಟ. ಹೇಳಿದಳು. ಅವನು ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕುಳಿತ.

"ಯಾವ ಕಡೀಯಾಂವ ಅಂವ?"

"ಕುಂದೂಜ."

"ಹಂಗಾರ ನಮ್ಮ ಹಜಾರಾ ಕುಲದಾಂವ ಅಲ್ಲ," ಎಂದು ಇವಜ್ ಉಸಿರು ಬಿಟ್ಟ. "ದೇವರು ದೊಡ್ಡಾಂವ. ಆ ಕಡೀ ಮಂದೀನ ಹಂಗ. ಮಾತಿಗೊಮ್ಮೆ ಚಾಕು. ನಮ್ಮ ಮಂದಿ ಹಿಂಗ ಮಾಡೂದಿಲ್ಲ."

"ಬೀದ್ಯಾಗಿನ ಮಂದಿ ಅದನ್ನ ಕೇಳ್ಕೊಂಡ ಹೊಡೀತಾರೇನ?"

ಇವಜ್ ಹೇಳಿದ ಮಾತು ಕೋಣೆಯಲ್ಲಿ ಹಾಗೆಯೇ ನಿಂತಿತ್ತು. ಆ ಕಡೀ ಮಂದೀನ ಹಂಗ. ಇದೇ ಮಾತನ್ನು ಈಗ ಊರಿನ ಯಾವ ಯಾವ ಅಡುಗೆಮನೆಯಲ್ಲಿ ಯಾರು ಯಾರು ಹೇಳುತ್ತಿದ್ದಾರೋ ಎಂದು ಕುಬ್ರಾಳಿಗೆ ಅನಿಸಿತು. ಬೆಟ್ಟದ ಸೀಮೆಯಿಂದ ಬಂದು ಇಷ್ಟು ವರ್ಷವಾದರೂ ಇವಜ್‌ನ ಮಾತು ಒಂದಿಷ್ಟೂ ಇರಾನಿಯಾಗಿರಲಿಲ್ಲ. ಅವಳು ಇದೇ ಊರಲ್ಲಿ ಹುಟ್ಟಿದವಳು, ಎರಡೂ ಮಾತು ಬಲ್ಲವಳು. ಮಗಳು ರೈಹಾನಾ ಅಂತೂ ಮನೆಯಲ್ಲೂ ಊರಿನವರ ಮಾತನ್ನೇ ಆಡುವಳು. ಇವಜ್ ಮಾತ್ರ, ನಾಲಿಗೆ ತಿರುಗಿಸಿ ತಿರುಗಿಸಿ ಅವರಂಗ ಮಾತಾಡಿ ಯಾರ ಮನೀ ಬಾಗಿಲಿಗೆ ಹೋಗಲಿ ನಾ, ಎಂದು ನಗುವನು.

ರೈಹಾನಾ. ಪರೀಕ್ಷೆ ಇದೆಯೆಂದು ನಿನ್ನೆಯ ತಂಗಳು ರೊಟ್ಟಿ ತಿಂದು ಬೇಗ ಶಾಲೆಗೆ ಹೋದವಳು. ಅದು ಊರಿನ ಆ ತುದಿ.

"ನಾ ಹೋಗ್ತೀನಿ," ಎಂದು ಇವಜ್ ಎದ್ದ.

"ನೀ ಕೂಡು. ಗಂಡಸರ್ನ ಕಂಡ್ರ ಮೊದ್ಲ ಹೊಡೀತಾರ. ಬಾಯಿ ತೆರದ್ರ ಮುಗೀತು."

ಅಷ್ಟರಲ್ಲಿ ಮನೆಯೊಡತಿ ಫಖ್ರಿ ಖಾನುಮ್ ಬಂದಳು. ಕೈಯಲ್ಲಿ ಎರಡು ರೊಟ್ಟಿ, ತನ್ನ ಮನೆಯವು. ಆ ರೊಟ್ಟಿ ಕಂಡು ಕುಬ್ರಾಳಿಗೆ ಅಳು ಬಂದಂತಾಯಿತು. ಫಖ್ರಿ ಖಾನುಮ್ ಹೊಸ್ತಿಲು ದಾಟಲಿಲ್ಲ. "ಯದುಲ್ಲಾ ಎಂಥ ಮನುಷ್ಯ ಕುಬ್ರಾ, ಒಂದಿರುವೆಗೆ ನೋವು ಮಾಡಿದವನಲ್ಲ," ಎಂದಳು. ಕುಬ್ರಾ ತಲೆ ತಗ್ಗಿಸಿದಳು, ಇರುವೆಗೆ ನೋವು ಮಾಡಿದ್ದು ತಾನೇ ಎಂಬಂತೆ. "ನಿಮ್ಮದೇನೂ ತಪ್ಪಿಲ್ಲ, ನಂಗೊತ್ತು. ನನ್ನ ತಪ್ಪು ತಿಳ್ಕೋಬೇಡ, ನೀನು ನನ್ನ ತಂಗಿ ಇದ್ದ ಹಾಗೆ. ಆದರೆ ಹುಡುಗರು ಬೈಕುಗಳಲ್ಲಿ ಚೌಕದ ಹತ್ತಿರ ಸೇರ್ತಿದಾರಂತೆ. ಕಿಟಕಿ ಗಾಜು ಹೊಸದಾಗಿ ಹಾಕಿಸಿದ್ದು ಈ ವಸಂತದಲ್ಲಿ ಅಲ್ವಾ? ನಿಮ್ಮ ಭಾವನ ಮನೆ ಇದೆಯಲ್ಲ, ಇಟ್ಟಿಗೆ ಭಟ್ಟಿ ಹತ್ರ. ಸ್ವಲ್ಪ ದಿವಸ..." ಮಾತು ಮುಗಿಸಲಿಲ್ಲ. ಮುಗಿಸದೆ ಬಿಡುವುದು ಮರ್ಯಾದೆ ಎಂದು ಅವಳು ತಿಳಿದಿದ್ದಳು. ಕುಬ್ರಾ ರೊಟ್ಟಿ ತೆಗೆದುಕೊಂಡು, "ನಿಮ್ಮ ಕೈ ನೋಯದಿರಲಿ ಖಾನುಮ್," ಎಂದು ಪದ್ಧತಿಯಂತೆ ಹೇಳಿದಳು. ಕಿಟಕಿ ಗಾಜಿನ ಮಾತು ಬರುವ ಮುಂಚೆ ಅಳು ಬಂದಿತ್ತಲ್ಲ, ಅದು ಈಗ ಎಲ್ಲಿಗೆ ಹೋಯಿತು ಎಂದು ಗಂಟಲಲ್ಲಿ ಹುಡುಕಿದಳು.

ಶಾಲೆಯ ಕಡೆ ಹೊರಟ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಔಷಧಿ ಚೀಲ ಹಿಡಿದ ಮುದುಕನೊಬ್ಬ ಕುಳಿತಿದ್ದ. ಕುಬ್ರಾ ಚಾದರವನ್ನು ಮೂಗಿನವರೆಗೆ ಎಳೆದುಕೊಂಡು ಬಾಗಿಲಿಗೆ ಒತ್ತಿ ಕುಳಿತಳು. ಮುಖ ಮುಚ್ಚಿಕೊಳ್ಳಬಹುದು, ಕಣ್ಣು ಮುಚ್ಚಿಕೊಂಡು ಊರಲ್ಲಿ ತಿರುಗುವುದು ಹೇಗೆ? ಡ್ರೈವರ್ ಕನ್ನಡಿಯಲ್ಲಿ ಆ ಕಣ್ಣುಗಳನ್ನು ನೋಡಿದ. ಗೇರ್ ಬದಲಿಸಿದ. ಮತ್ತೆ ನೋಡಿದ.

"ಯಾವ ಕಡೆಯವರಮ್ಮಾ ನೀವು?"

ಪಿಸ್ತಾ ಆರಿಸುವ ಕೊಟ್ಟಿಗೆಯಲ್ಲಿ ಹಿಂದೆ ಅವಳ ಪಕ್ಕ ಕೂರುತ್ತಿದ್ದ ತುರ್ಕಮನ್ ಹೆಂಗಸೊಬ್ಬಳಿದ್ದಳು, ಸಣ್ಣ ಕಣ್ಣು, ಚಪ್ಪಟೆ ಮೂಗು, ಥೇಟ್ ಕುಬ್ರಾಳ ದೊಡ್ಡಮ್ಮನ ಹಾಗೆ. ಆದರೆ ಅವಳು ಇರಾನಿ, ಅವಳನ್ನು ಯಾರೂ ನಿರಾಶ್ರಿತರ ಕಾರ್ಡು ತೋರಿಸು ಎಂದು ಕೇಳುತ್ತಿರಲಿಲ್ಲ. ಆಕೆಯ ಊರಿನ ಹೆಸರು ಈಗ ತಾನಾಗಿ ಬಾಯಿಗೆ ಬಂತು.

"ಗೊಂಬದ್. ನಾವು ತುರ್ಕಮನ್."

"ಹಾಗನ್ನಿ ಮತ್ತೆ!" ಡ್ರೈವರ್‌ನ ಹೆಗಲು ಸಡಿಲವಾಯಿತು. "ನಾನು ಸೈನ್ಯದಲ್ಲಿದ್ದಾಗ ಅಲ್ಲೇ ಇದ್ದೆ. ಚಿನ್ನದಂಥ ಜನ. ಏನು ಕುದುರೆಗಳು ಅಂತೀನಿ! ಸ್ವಲ್ಪ ನಿಮ್ಮ ಮಾತಲ್ಲಿ ಏನಾದ್ರೂ ಹೇಳಿ ನೋಡೋಣ."

"ನಾನು ಇಲ್ಲೇ ಬೆಳೆದದ್ದು. ಬರೋದಿಲ್ಲ."

"ಛೆ, ಮಾತೃಭಾಷೆ ಬಿಡಬಾರದಮ್ಮಾ," ಎಂದ ಮುದುಕ, ಪ್ರೀತಿಯಿಂದಲೇ.

"ಯದುಲ್ಲಾ ವಿಷಯ ಕೇಳಿದ್ರಲ್ಲ," ಎಂದ ಡ್ರೈವರ್. "ಅನ್ನ ಹಾಕಿದ ಕೈಯನ್ನೇ ಕಡಿದ ನನ್ಮಗ. ಇವರನ್ನೆಲ್ಲ ಲಾರಿಗೆ ತುಂಬಿ ಗಡಿಯಾಚೆ ಸುರೀಬೇಕು. ಗಂಡು ಹೆಣ್ಣು ಮಕ್ಕಳು ಮರಿ ಅಂತ ನೋಡಬಾರದು. ಏನಂತೀರಿ?"

ಮುದುಕ ಕಿಟಕಿಯಾಚೆ ನೋಡತೊಡಗಿದ. ಅಂದಮೇಲೆ ಪ್ರಶ್ನೆ ಅವಳದೇ ಆಯಿತು.

"ಹೌದು," ಎಂದಳು ಕುಬ್ರಾ. "ಕಳಿಸಿಬಿಡಬೇಕು."

ದನಿ ನಡುಗಲಿಲ್ಲ. ಇದೇ ಅವಳನ್ನು ಬೆಚ್ಚಿಸಿದ್ದು. ಹಸಿ ಸುಳ್ಳು ಹೇಳುವವರಿಗೆ ಸ್ವಲ್ಪವಾದರೂ ನಾಲಿಗೆ ತೊಡರಬೇಕು. ಅವಳದು ನೀರಿನ ಹಾಗೆ ಹರಿಯಿತು, ಒಳಗೆ ಬಹಳ ಕಾಲದಿಂದ ತಯಾರಾಗಿ ಕುಳಿತಿದ್ದ ಹಾಗೆ. ಕಿಟಕಿಯಾಚೆ ದಾಳಿಂಬೆ ಗಾಡಿ, ಮಣ್ಣಿನ ಗೋಡೆ, ಸೈಕಲ್ಲು ಹಿಡಿದು ನಿಂತ ಮುಲ್ಲಾ, ಎಲ್ಲ ಎಂದಿನಂತೆ ಹಿಂದಕ್ಕೆ ಜಾರುತ್ತಿದ್ದವು. ಮಕ್ಕಳು ಮರಿ ಎಂದನಲ್ಲ, ಅದಕ್ಕೂ ಹೌದು ಎಂದೆನಲ್ಲ. ಶಾಲೆಯ ಬಳಿ ಇಳಿದಾಗ ಡ್ರೈವರ್ ಕತ್ತು ಹೊರಗೆ ಚಾಚಿ, ನಿಜವಾದ ಕಾಳಜಿಯಿಂದ ಹೇಳಿದ: "ಒಬ್ಬರೇ ಓಡಾಡಬೇಡಿ ತಾಯಿ. ಇವತ್ತು ಅಫ್ಘಾನಿಗಳು ಎಲ್ಲಿ ಅಡಗಿರ್ತಾರೋ ಏನೋ. ಹುಷಾರು."

ಶಾಲೆಯ ಗೇಟಿನ ಒಳಗೆ ರೈಹಾನಾ ತನ್ನ ಗೆಳತಿ ಪರಸ್ತೂಳ ಜೊತೆ ನಿಂತಿದ್ದಳು. ತಾಯಿಯನ್ನು ಕಂಡು ಅವಳ ಮುಖದಲ್ಲಿ ನೆಮ್ಮದಿ ಬರಲಿಲ್ಲ. ಬೇರೇನೋ ಬಂತು, ಬಾಗಿಲು ಮುಚ್ಚಿದಂಥದ್ದು. ಪರಸ್ತೂ ಒಳ್ಳೆಯ ಹುಡುಗಿ, ಓಡಿ ಬಂದು ಕುಬ್ರಾಳ ಕೈ ಹಿಡಿದುಕೊಂಡಳು. "ಖಾಲಾ, ನೀವೇನೂ ಹೆದರ್ಕೋಬೇಡಿ. ರೈಹಾನಾ ಎಲ್ಲ ಹೇಳಿದಾಳೆ ನಂಗೆ, ನೀವು ಗೊಂಬದ್‌ನವರು, ನೋಡೋಕೆ ಮಾತ್ರ ಅವರ ಥರ ಕಾಣ್ತೀರಿ ಅಂತ. ಯಾರಾದ್ರೂ ಏನಾದ್ರೂ ಅಂದ್ರೆ ನಾನು ಸಾಕ್ಷಿ ಹೇಳ್ತೀನಿ!"

ಕುಬ್ರಾ ಮಗಳನ್ನು ನೋಡಿದಳು. ಮಗಳು ಚೀಲದ ಪಟ್ಟಿ ಸರಿಮಾಡಿಕೊಂಡಳು. ಅದೇ ಊರಿನ ಹೆಸರು. ತಾನು ಈಗತಾನೆ ಬೆವರುತ್ತಾ ಹೇಳಿ ಬಂದದ್ದನ್ನು ಇವಳು ಯಾವತ್ತಿನಿಂದ ಹೇಳುತ್ತಿದ್ದಾಳೋ. ಪಿಸ್ತಾ ಕೊಟ್ಟಿಗೆಯ ಆ ಹೆಂಗಸಿನ ಕಥೆಗಳನ್ನು ಮನೆಯಲ್ಲಿ ನಗುನಗುತ್ತಾ ತಾನೇ ಹೇಳಿದ್ದಳಲ್ಲವೆ, ಅಲ್ಲಿಂದಲೇ ಎತ್ತಿಕೊಂಡಿರಬೇಕು. ಆಗ ಅವಳಿಗೆ ಎಷ್ಟು ವಯಸ್ಸು? ಹನ್ನೊಂದೋ ಹನ್ನೆರಡೋ. ಹನ್ನೆರಡು ವರ್ಷದ ಮಗು ಅಷ್ಟು ಹಿಂದೆಯೇ ತನಗೊಂದು ಊರು ಆರಿಸಿಟ್ಟುಕೊಂಡಿತ್ತು.

"ಆ ಇಬ್ಬರು ಮಾತ್ರ ಪಾಪ," ಎಂದು ಪರಸ್ತೂ ದನಿ ತಗ್ಗಿಸಿದಳು. "ನಿಜವಾದ ಅಫ್ಘಾನಿಗಳು. ಹಲೀಮಾ ಮತ್ತೆ ಅವಳ ಚಿಕ್ಕಪ್ಪನ ಮಗಳು. ದೊಡ್ಡ ಕ್ಲಾಸಿನವರು ಕೂಗಾಡಿದ್ರು, ಇವರು ಪಾಯಖಾನೇಲಿ ಚಿಲಕ ಹಾಕ್ಕೊಂಡು ಕೂತಿದಾರೆ. ಬರಲ್ವಂತೆ."

ಹಲೀಮಾ ಹಿಂದಿನ ಓಣಿಯ ಹುಡುಗಿ. ಅವಳ ತಾಯಿಯ ಹೆರಿಗೆಯಲ್ಲಿ ಬಿಸಿನೀರು ಕಾಯಿಸಿದ್ದು ಕುಬ್ರಾ. ಅಂಗಳದ ಆಚೆ ಪಾಯಖಾನೆಯ ಹಸಿರು ಬಾಗಿಲುಗಳು ಕಾಣುತ್ತಿದ್ದವು. ಹೋಗಿ ತಟ್ಟಿ, ನಾನು, ಹೊರಗ ಬರ್ರವ್ವಾ, ಎಂದರೆ ಸಾಕು. ಮನೆಯ ಮಾತು ಕೇಳಿ ಮಕ್ಕಳು ಬರುತ್ತವೆ. ಆ ಮಾತನ್ನು ಪರಸ್ತೂ ಕೂಡ ಕೇಳುತ್ತಾಳೆ. ರೈಹಾನಾ ತಾಯಿಯ ಮುಖ ನೋಡಿದಳು. ಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ. "ಅಮ್ಮಾ, ಹೊರಡೋಣ," ಎಂದಳು ಅಷ್ಟೆ. ಕುಬ್ರಾ ಹೊರಟಳು. ಆ ಇಬ್ಬರನ್ನು ವಿಜ್ಞಾನದ ಮೇಡಂ ತಮ್ಮ ಕಾರಿನಲ್ಲಿ ಕೂರಿಸಿ ಮನೆ ತಲುಪಿಸಿದರೆಂದು ಅವಳಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಆ ಹೊತ್ತಿನಲ್ಲಿ ಅವಳ ಬೆನ್ನಿಗೆ ಹಸಿರು ಬಾಗಿಲುಗಳು ಮಾತ್ರ ಅಂಟಿಕೊಂಡು ಬಂದವು.

ಕಾರು ಸಿಗಲಿಲ್ಲ, ನಡೆದರು. ಚೌಕದ ಕಡೆಯಿಂದ ಬೈಕುಗಳ ಸದ್ದು, ಆಮೇಲೆ ಗಾಜು ಒಡೆದ ಸದ್ದು, ಆಮೇಲೆ ಯಾರೋ ಸಿಳ್ಳೆ ಹಾಕಿದ್ದು. ಅದನ್ನು ತಪ್ಪಿಸಲು ಒಳದಾರಿ ಹಿಡಿದಾಗ ಸಿಕ್ಕಿದ್ದು ಯದುಲ್ಲಾನ ಮನೆಯ ಗಲ್ಲಿ. ಬಾಗಿಲ ಮೇಲೆ ಕಪ್ಪು ಬಟ್ಟೆ ತೂಗುಹಾಕಿದ್ದರು, ಒಳಗೆ ಹೆಂಗಸರು ಅಳುತ್ತಿದ್ದರು. ಕುಬ್ರಾ ನಿಂತಳು. ಬೆಳಗಿನಿಂದ ಒಂದು ಸಲವೂ ಆ ಮನುಷ್ಯನಿಗಾಗಿ ತಾನು ಅತ್ತಿಲ್ಲ. ತನ್ನ ಅಪ್ಪ ಸತ್ತಾಗ ಕರೆಯದಿದ್ದರೂ ಬಂದು ಹೆಣಕ್ಕೆ ಹೆಗಲು ಕೊಟ್ಟವನು ಆತ. ಎಲ್ಲಿ ಧೈರ್ಯ ಬೇಕಿತ್ತೋ ಅಲ್ಲಿ ಬೆನ್ನು ತಿರುಗಿಸಿ ಬಂದ ಧೈರ್ಯವೆಲ್ಲ ಈಗ, ಯಾರಿಗೂ ಬೇಡದ ಜಾಗದಲ್ಲಿ, ಹುಚ್ಚುಹೊಳೆಯ ಹಾಗೆ ಉಕ್ಕಿತು.

"ಅಮ್ಮಾ, ತಲೆ ಕೆಟ್ಟಿದೆಯಾ ನಿಂಗೆ?" ಎಂದು ರೈಹಾನಾ ಚಾದರ ಎಳೆದಳು. ಕುಬ್ರಾ ಆಗಲೇ ಹೊಸ್ತಿಲ ಬಳಿ, ರಾಶಿ ಬಿದ್ದ ಕರಿ ಚಪ್ಪಲಿ ಬೂಟುಗಳ ನಡುವೆ, ತನ್ನವನ್ನು ಬಿಡುತ್ತಿದ್ದಳು. ಬೀದಿಯಲ್ಲಿ ಒಬ್ಬಳೇ ನಿಲ್ಲಲಾರದೆ ಮಗಳೂ ಬಂದಳು.

ಒಳಗೆ ಗುಲಾಬಿ ನೀರಿನ, ಹಲ್ವದ, ಬೆವರಿನ ವಾಸನೆ. ಯದುಲ್ಲಾನ ಹೆಂಡತಿ ಇಫ್ಫತ್ ಗೋಡೆಗೆ ಒರಗಿ ಕುಳಿತಿದ್ದಳು, ಕಣ್ಣು ಒಣಗಿತ್ತು, ಬಿಟ್ಟುಕೊಂಡೇ ಇತ್ತು. ಕುಬ್ರಾ ಬಾಗಿಲ ಪಕ್ಕದಲ್ಲೇ ಕುಳಿತು ತಲೆ ಬಗ್ಗಿಸಿದಳು. ಅಳು ಬಂತು, ಧಾರಾಳವಾಗಿ ಬಂತು. ಯಾರಿಗಾಗಿ ಎಂದು ನೋಡಲು ಹೋದರೆ ಅಲ್ಲಿ ಯದುಲ್ಲಾ ಇರಲಿಲ್ಲ, ಎರಡು ಹಸಿರು ಬಾಗಿಲು ಇದ್ದವು. ಬೇರೆ ಊರಿಂದ ಬಂದಿದ್ದ ಸಂಬಂಧಿಕಳೊಬ್ಬಳು ಚಹಾದ ತಟ್ಟೆ ಹಿಡಿದು ಬಂದಳು. ಲೋಟ ಕೊಡುತ್ತಾ, ಸೌಜನ್ಯಕ್ಕೆಂದು, ಕೇಳಿದಳು.

"ನೀವು ಯಾರ ಕಡೆಯವರು?"

ಗೊಂಬದ್ ಎಂಬ ಶಬ್ದ ಬಾಯಲ್ಲೇ ಇತ್ತು. ಪಕ್ಕದಲ್ಲಿ ರೈಹಾನಾ ಉಸಿರು ಹಿಡಿದದ್ದು ಕೇಳಿಸಿತು.

"ನಾ ಅಫ್ಘಾನಿ ರೀ," ಎಂದಳು ಕುಬ್ರಾ, ಮನೆಯ ಮಾತಿನಲ್ಲಿ. "ಇದ ಓಣ್ಯಾಗಿನಾಕಿ."

ಅಳು ನಿಂತಿತು. ಒಬ್ಬೊಬ್ಬರಾಗಿ ಅಲ್ಲ, ಒಂದೇ ಸಲಕ್ಕೆ. ತಟ್ಟೆ ಹಿಡಿದವಳು ಕೊಟ್ಟ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ತೆಗೆದುಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. "ಎಷ್ಟು ಪೊಗರು ನೋಡು," ಎಂದಿತು ಮೂಲೆಯ ಒಂದು ದನಿ. "ಯಾರು ಯಾರು ಉಳಿದಿದಾರೆ ಅಂತ ನೋಡ್ಕೊಂಡು ಹೋಗೋಕೆ ಬಂದಿದಾಳೆ."

ಇಫ್ಫತ್ ಎದ್ದಳು. ಹೆಂಗಸರು ದಾರಿ ಬಿಟ್ಟರು. ಬಂದು ಕುಬ್ರಾಳ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ, ಕುಳಿತಳು. "ನಿನ್ನೆ ರಾತ್ರಿ ನಾನೇ ಬಡಿಸಿದ್ದು ಅವನಿಗೆ," ಎಂದಳು. "ಅನ್ನ, ಬಟಾಣಿ ಸಾರು. ಇನ್ನೊಂಚೂರು ಹಾಕಿ ಅಮ್ಮಾ ಅಂದ. ಹಾಕಿದೆ. ಇವರು ಅವನಿಗೆ ಚಳಿಗೆ ಅಂತ ಕೋಟು ಕೊಟ್ಟಿದ್ರು. ಜಗಳ ಇರ್ಲಿಲ್ಲ. ಒಂದು ಮಾತು ಇರ್ಲಿಲ್ಲ. ಯಾಕಂತೆ?" ಕುಬ್ರಾಳ ತೋಳು ಹಿಡಿದಳು. "ಪೊಲೀಸರನ್ನ ಕೇಳ್ದೆ, ಗೊತ್ತಿಲ್ಲ ಅಂತಾರೆ. ನೀನು ಅವನ ಕಡೆಯವಳಲ್ವಾ? ನೀನು ಹೇಳು. ಯಾಕೆ ಮಾಡ್ದ?"

ಇದು ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಬೈಗುಳವಲ್ಲ, ಇಫ್ಫತ್ ನಿಜವಾಗಿಯೂ ಕೇಳುತ್ತಿದ್ದಳು, ದಾರಿ ತಪ್ಪಿದವರು ಆ ಊರಿನವರನ್ನು ಕೇಳುವ ಹಾಗೆ, ಉತ್ತರ ಇದ್ದೇ ಇರುತ್ತದೆಂದು ನಂಬಿ. ಕುಬ್ರಾ ತನ್ನೊಳಗೆ ಹುಡುಕಿದಳು. ಆ ಗಳಿಗೆಯಲ್ಲಿ ಅವಳಿಗೂ ಅನಿಸಿತ್ತು, ಎಲ್ಲೋ ಒಂದು ಕಡೆ ತನಗೆ ಗೊತ್ತಿರಬೇಕು, ರಕ್ತದಲ್ಲೆಲ್ಲೋ ಇರಬೇಕು. ಹಿಟ್ಟು ಮೆತ್ತಿದ ಹುಬ್ಬು, ಗರಿಗರಿ ಅಂಚು, ಅಕ್ಕಾ ಎಂಬ ಕೂಗು ಬಿಟ್ಟರೆ ಅಲ್ಲಿ ಏನೂ ಸಿಗಲಿಲ್ಲ.

"ನನಗ ಗೊತ್ತಿಲ್ರೀ."

ಇಫ್ಫತ್ ತಲೆಯಾಡಿಸಿದಳು, ಇನ್ನೊಂದು ಕಚೇರಿಯಿಂದಲೂ ಬರಿಗೈಲಿ ಎದ್ದವಳ ಹಾಗೆ. ಆಗಲೇ ಗಲ್ಲಿಯ ಆ ತುದಿಯಲ್ಲಿ ಬೈಕುಗಳು ಬಂದು ನಿಂತವು. ಗಂಡಸರ ದನಿ. "ಹುಡುಗರು ಬಂದ್ರು, ಇಫ್ಫತ್ ಮಕ್ಕಳೂ ಇದಾರೆ," ಎಂದಳು ಯಾರೋ. ಇಫ್ಫತ್‌ಳ ಬೆರಳು ಕುಬ್ರಾಳ ಮಣಿಕಟ್ಟಿಗೆ ಇಳಿದು ಉಗುರು ನೆಡುವಷ್ಟು ಬಿಗಿಯಾಯಿತು. ಎಳೆದಳು. ಅಡುಗೆಮನೆ, ಹಲ್ವದ ಬಾಣಲೆ, ಹಿಂದಿನ ಅಂಗಳ, ಕೋಳಿಗೂಡು; ರೈಹಾನಾ ಹಿಂದೆ ಹಿಂದೆ ಓಡಿ ಬರುತ್ತಿದ್ದಳು. ಹಿಂಬಾಗಿಲ ಅಗುಳಿ ತೆಗೆದು ಇಬ್ಬರನ್ನೂ ಹೊರಕ್ಕೆ ನೂಕಿದಳು ಇಫ್ಫತ್.

"ಹೋಗು. ನನ್ನ ಮಕ್ಕಳ ಕೈಗೂ ರಕ್ತ ಹತ್ತೋದು ಬೇಡ ನಂಗೆ." ಬಾಗಿಲು ಮುಚ್ಚುತ್ತಾ ಮತ್ತೆ ತೆರೆದಳು. "ಇನ್ನು ಈ ಬೀದೀಲಿ ನಿನ್ನ ಮುಖ ಕಾಣಿಸ್ಬಾರದು."

ಕಾಲಿಗೆ ತಣ್ಣಗಾದಾಗ ಚಪ್ಪಲಿ ಬೂಟು ಹೊಸ್ತಿಲಲ್ಲೇ ಉಳಿದವೆಂದು ಗೊತ್ತಾಯಿತು. ರೈಹಾನಾಳ ಬಿಳಿ ಕಾಲುಚೀಲಕ್ಕೆ ಆಗಲೇ ಕೋಳಿಗೂಡಿನ ಕೊಳೆ ಹತ್ತಿತ್ತು. ಹಿಂದಿನ ಗಲ್ಲಿಯಲ್ಲಿ ಗೋಡೆಗೆ ಅಂಟಿಕೊಂಡು ನಡೆದರು. "ಯಾಕೆ ಹಾಗಂದೆ?" ಎಂದಳು ರೈಹಾನಾ ಕೊನೆಗೂ, ಹಲ್ಲು ಕಡಿಯುತ್ತಾ. "ಯಾರಿಗೆ ಉಪಯೋಗ ಆಯ್ತು ಅದರಿಂದ? ಹೇಳು, ಯಾರಿಗೆ?" ಮಗಳ ಪ್ರಶ್ನೆಯೂ ನ್ಯಾಯವಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ರೈಹಾನಾ ತಾಯಿಯ ಚಾದರದ ತುದಿ ಹಿಡಿದುಕೊಂಡಳು, ಕೋಪದಿಂದಲೇ ಹಿಡಿದುಕೊಂಡಳು, ಬಿಡಲಿಲ್ಲ.

ಮನೆಯ ಕಿಟಕಿಗಳು ಇನ್ನೂ ಇದ್ದವು. ಒಳಗೆ ದೀಪವಿರಲಿಲ್ಲ, ಪರದೆ ಎಳೆದಿತ್ತು. ಕುಬ್ರಾ ಬಾಗಿಲು ತಟ್ಟಿದಳು. ಏನೋ ಭಾರದ ವಸ್ತು ಬಾಗಿಲಿಗೆ ಅಡ್ಡ ಸರಿದ ಸದ್ದು. ಆಮೇಲೆ ಒಳಗಿಂದ ಗಂಡಸಿನ ದನಿ, ಗಟ್ಟಿಯಾಗಿ, ಊರಿನ ಯಜಮಾನರ ಠೀವಿಯಲ್ಲಿ, ಕೇಳಿತು:

"ಯಾರದು? ಏನ್ ಬೇಕಾಗಿತ್ತು ನಿಮಗೆ?"

ಕುಬ್ರಾ ಬೆಚ್ಚಿ ಹಿಂದೆ ಸರಿದಳು. ಅಪ್ಪಟ ಊರಿನ ಮಾತು. ಯಾರೋ ಒಳಗೆ ನುಗ್ಗಿದ್ದಾರೆ, ಇವಜ್‌ನನ್ನು ಏನು ಮಾಡಿದರೋ. ಮಗಳನ್ನು ಬೆನ್ನ ಹಿಂದೆ ತಳ್ಳಿ ಕಿವಿಗೊಟ್ಟಳು. ಬಾಗಿಲಾಚೆ ಆ ದನಿ ಮತ್ತೆ, "ಈ ಮನೇಲಿ ಅಫ್ಘಾನಿಗಳು ಯಾರೂ ಇಲ್ಲ ಸ್ವಾಮಿ, ಬೇರೆ ಕಡೆ ನೋಡಿ," ಎಂದಿತು. 'ಸ್ವಾಮಿ' ಎಂಬಲ್ಲಿ ಒಂಚೂರು ಒಡೆಯಿತು, ಒಡೆದು ಇವಜ್‌ನ ಗಾರೆ ಧೂಳಿನ ಕೆಮ್ಮಾಯಿತು. ರೈಹಾನಾ ತಾಯಿಯ ಭುಜದ ಹಿಂದೆ ಬಾಯಿಗೆ ಕೈ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ. ಕುಬ್ರಾ ತಣ್ಣನೆಯ ಕಬ್ಬಿಣದ ಬಾಗಿಲಿಗೆ ಹಣೆ ತಾಗಿಸಿ ನಿಂತಳು, ಯಾವ ಮಾತಿನಲ್ಲಿ ಉತ್ತರ ಕೊಟ್ಟರೆ ಅವನು ಹೆದರದೆ ಬಾಗಿಲು ತೆಗೆದಾನು ಎಂದು ತಿಳಿಯದೆ.